ಯಕೃತ್ತಿಗೆ ಹರಡಿದ ಸ್ತನ ಕ್ಯಾನ್ಸರ್: ಚಿಕಿತ್ಸೆ

ಯಕೃತ್ತಿನಲ್ಲಿ ನೆಲೆಯೂರಿದರೂ ಇದು ಸ್ತನ ಕ್ಯಾನ್ಸರೇ; ಔಷಧವೂ ಮೂಲ ರೋಗದ್ದೇ. ನಾಲ್ಕನೆಯ ಹಂತವಾದ್ದರಿಂದ ಪೂರ್ಣ ಗುಣ ಅಪರೂಪ, ರೋಗವನ್ನು ಹಿಡಿತದಲ್ಲಿಡುವುದು ಗುರಿ. ಔಷಧದ ಆಯ್ಕೆ ನಿಂತಿರುವುದು ಕ್ಯಾನ್ಸರ್ ಕೋಶಗಳ ಗ್ರಾಹಕಗಳ (ರಿಸೆಪ್ಟರ್) ಮೇಲೆ; ರೋಗ ಹರಡುವಾಗ ಇವು ಬದಲಾಗಿರಬಹುದು. ಹಾಗಾಗಿ ಸಾಧ್ಯವಾದರೆ ಯಕೃತ್ತಿನ ಗಡ್ಡೆಯಿಂದಲೇ ಬಯಾಪ್ಸಿ ಮಾಡುತ್ತಾರೆ. ಹಾರ್ಮೋನ್ ಗ್ರಾಹಕಗಳಿದ್ದರೆ ಸಾಮಾನ್ಯವಾಗಿ ಹಾರ್ಮೋನ್ ತಡೆಯುವ ಔಷಧದ ಜೊತೆ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್‌ನಂಥ ಮಾತ್ರೆ ಕೊಡುತ್ತಾರೆ. ಹರ್-2 ಪ್ರೋಟೀನ್ ಹೆಚ್ಚಿದ್ದರೆ ಟ್ರಾಸ್ಟುಜುಮ್ಯಾಬ್; ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಈ ದುಬಾರಿ ಔಷಧದ ಜೈವಿಕ ಸಮರೂಪವನ್ನು (ಬಯೋಸಿಮಿಲರ್) ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಹಾರ್ಮೋನ್ ಗ್ರಾಹಕಗಳೂ ಹೆಚ್ಚಿನ ಹರ್-2 ಪ್ರೋಟೀನೂ ಇಲ್ಲದ ಬಗೆಗೆ ಕಿಮೊಥೆರಪಿಯೇ ಮುಖ್ಯ, ಕೆಲವರಿಗೆ ಇಮ್ಯುನೊಥೆರಪಿಯೂ ಸೇರುತ್ತದೆ. ಯಕೃತ್ತಿನ ಕೆಲಸ ಕುಗ್ಗಿ ಕಾಮಾಲೆ ಕಾಣಿಸಿದರೆ ಹಲವು ಔಷಧಗಳ ಪ್ರಮಾಣ ಇಳಿಸಬೇಕಾಗುತ್ತದೆ. ಗಡ್ಡೆಗಳು ಒಂದೆರಡೇ ಇದ್ದಾಗ, ಆಯ್ದ ರೋಗಿಗಳಲ್ಲಿ, ಶಸ್ತ್ರಕ್ರಿಯೆ, ರೇಡಿಯೊ ತರಂಗದಿಂದ ಸುಡುವುದು ಅಥವಾ ನಿಖರ ವಿಕಿರಣವನ್ನು ಬಳಸುವುದುಂಟು. ಇವು ಔಷಧಕ್ಕೆ ಬದಲಿಯಲ್ಲ.