ಉಕ್ಕಿನ ಹದ

ಮೊದಲ ಸಲ ಸುತ್ತಿಗೆ ಹಿಡಿದು ಚೂರಿಯೊಂದನ್ನು ಬಡಿಯಲು ಕುಳಿತವನಿಗೆ, ಕುಲುಮೆಯ ಬೆಂಕಿ ಪ್ರಖರವಾದಷ್ಟೂ ಕಾರ್ಯ ಸುಗಮವಾಗುವುದೆಂಬ ಭ್ರಮೆ ಸಹಜವಾಗಿಯೇ ಉಂಟಾಗುತ್ತದೆ. ಬಾಲ್ಯದಲ್ಲಿ ನಮ್ಮೂರ ಕಮ್ಮಾರಸಾಲೆಯಲ್ಲಿ, ಸವೆದ ಅರವೊಂದನ್ನು ಚೂರಿಯಾಗಿಸುವ ಆಸೆಯಿಂದ ನಾನು ತಿದಿಯೊತ್ತಿ, ಅದು ಬೆಳ್ಳಗೆ ಉರಿದು ಕಿಡಿ ಚೆಲ್ಲುವವರೆಗೆ ಕಾಯಿಸಿ, ಇಕ್ಕಳದಿಂದ ಹಿಡಿದು ಅಡಿಗಲ್ಲಿನ ಮೇಲಿಟ್ಟು ಹೊಡೆದಾಗ, ಅದರ ತುದಿ ಒಣಬೆಲ್ಲದಂತೆ ಪುಡಿಪುಡಿಯಾಗಿ ಉದುರಿತು. “ಕಿಡಿ ಹಾರಿತು ಅಂದ್ರೆ ಉಕ್ಕು ಸತ್ತೋಯ್ತು ಮಗಾ, ಕೆಂಪು ತಿರುಗ್ತಿದ್ದ ಹಾಗೇ ತೆಗೀಬೇಕು” ಎಂದು ಆ ಸಾಲೆಯ ವೃದ್ಧ ಕಮ್ಮಾರರು ಹೇಳಿ, ಉಳಿದ ತುಂಡನ್ನು ಕೆಂಡದ ಅಂಚಿಗೆ ಸರಿಸಿದರು. ಇದೇ ಪಾಠವನ್ನು ಯೂರೋಪಿನ ವಿದ್ವಾಂಸರೂ ಕುಶಲಕರ್ಮಿಗಳೂ ನಮ್ಮ ದೇಶದ ಉಕ್ಕಿನಿಂದಲೇ ಕಲಿಯಬೇಕಾಯಿತೆಂಬುದನ್ನು ನಾನು ತಿಳಿದುದು ಬಹುಕಾಲದ ಮೇಲೆ.

ಇಂಗ್ಲಿಷರು ‘ವೂಟ್ಜ್’ ಎಂದು ಬರೆದ ಪದ ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂಬುದನ್ನು ಪಂಡಿತರು ಬಹುಮಟ್ಟಿಗೆ ಒಪ್ಪಿದ್ದಾರೆ. ಈ ಉಕ್ಕನ್ನು ಮಾಡುತ್ತಿದ್ದ ಕ್ರಮವನ್ನು, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನೂ, ತಂಗಡಿ ಗಿಡದ ಕಾಂಡದ ಚೂರುಗಳನ್ನೂ, ಒಂದೆರಡು ಹಸಿರೆಲೆಗಳನ್ನೂ ಇಟ್ಟು, ಬಾಯನ್ನು ಮಣ್ಣಿನಿಂದಲೇ ಮುಚ್ಚಿ, ಅಂತಹ ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಿಲಿನಲ್ಲಿ ಹೂತು ಕಾಯಿಸುತ್ತಿದ್ದರು. ಆ ಕಾಂಡವೂ ಎಲೆಯೂ ಮುಚ್ಚಿದ ಮೂಸೆಯಲ್ಲಿ ಕರಕಲಾಗಿ, ಇಂಗಾಲವಾಗಿ ಕಬ್ಬಿಣದಲ್ಲಿ ಬೆರೆಯುತ್ತಿದ್ದವು. ಚನ್ನಪಟ್ಟಣದಲ್ಲಿ ತೆಗೆಯುತ್ತಿದ್ದ ಉಕ್ಕಿನ ತಂತಿ ವಾದ್ಯಗಳಿಗಾಗಿ ದೂರದೂರದ ಪ್ರದೇಶಗಳಿಗೆ ಹೋಗುತ್ತಿದ್ದುದನ್ನೂ ಆತ ಕಂಡಿದ್ದಾನೆ.

ಇಂಗಾಲದ ಅಂಶ ನೂರಕ್ಕೆ ಸುಮಾರು ಒಂದೂವರೆಯಷ್ಟಿರುವ ಈ ಉಕ್ಕು ಅತಿಶಾಖವನ್ನು ಸಹಿಸದು. ಕೈರೋದ ಮಾರ್ಗವಾಗಿ ತನ್ನ ಕೈಸೇರಿದ ಭಾರತೀಯ ಉಕ್ಕಿನ ಗಟ್ಟಿಯಿಂದ ಒಂದು ಆಯುಧವನ್ನು ಬಡಿದುಕೊಡಬಲ್ಲವರು ಪ್ಯಾರಿಸ್ಸಿನಲ್ಲಿ ಯಾರೂ ಸಿಗಲಿಲ್ಲವೆಂದು ರಿಯಾಮ್ಯೂರ್ ಎಂಬ ಫ್ರೆಂಚ್ ವಿಜ್ಞಾನಿ 1722ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಅವರೇನು ಅಸಮರ್ಥರಾಗಿರಲಿಲ್ಲ, ಸಾಧಾರಣ ಕಬ್ಬಿಣಕ್ಕೆ ಒಗ್ಗಿದ ಅವರ ಕಣ್ಣಿಗೆ ಈ ಉಕ್ಕಿನ ಹದ ಅಪರಿಚಿತವಾಗಿತ್ತು.

ಮುಂದೆ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಲಂಡನ್ನಿಗೆ ಕಳುಹಿಸಿದ ಮಾದರಿಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ, 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಲೇಖನವೊಂದನ್ನು ಮಂಡಿಸಿದನು. ಅದರಲ್ಲಿ ಬರುವ ಒಂದು ಪ್ರಸಂಗ ನನಗೆ ಇಡೀ ಲೇಖನಕ್ಕಿಂತ ಅಮೂಲ್ಯವಾಗಿ ತೋರುತ್ತದೆ. ಜೇಮ್ಸ್ ಸ್ಟೋಡಾರ್ಟ್ ಎಂಬ ಚೂರಿಗಾರ ಆ ಉಕ್ಕಿನ ತುಣುಕೊಂದನ್ನು, ಕತ್ತಲೆಯಲ್ಲಿ ಮಾತ್ರವೇ ಕಣ್ಣಿಗೆ ಗೋಚರಿಸುವಷ್ಟು ಮಂದವಾದ ಕೆಂಪಿನಲ್ಲಿ ಬಡಿದು, ಲೇಖನಿ ಚೂಪುಮಾಡುವ ಚೂರಿಯನ್ನಾಗಿಸಿದನು. ಹಗಲ ಬೆಳಕಿನಲ್ಲಿ ಕಪ್ಪಾಗಿಯೇ ಕಾಣುವ ಲೋಹ ಅದು; ಅಂತಹ ಶಾಖದಲ್ಲಿ ಪೆಟ್ಟಿಗೆ ಅದು ಬಗ್ಗುವುದು ಬಹಳ ನಿಧಾನ, ಶ್ರಮವೂ ಅಪಾರ. ಆದರೂ ಹದಗೊಂಡು ಸಾಣೆ ಕಂಡ ಮೇಲೆ ಆ ಅಲಗು ಅತ್ಯುತ್ತಮವಾದ ಚೂರಿಗೆ ಸರಿದೊರೆಯಾಗಿ ಕತ್ತರಿಸಿತು. ಸ್ಟೋಡಾರ್ಟ್ ಮುಂದೆ ಈ ಉಕ್ಕಿನಿಂದಲೇ ಕ್ಷೌರದ ಕತ್ತಿಗಳನ್ನೂ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನೂ ಮಾಡಿ ಮಾರಿದನು; ಯೂರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ಇದೇ ತನಗೆ ಮೇಲೆಂದು ತನ್ನ ಅಂಗಡಿಯ ಪತ್ರದಲ್ಲಿ ಮುದ್ರಿಸಿದನು.

ಸ್ವತಃ ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ 1819ರಲ್ಲಿ ಇದೇ ಉಕ್ಕನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಮ್ಮಿನ ಅಂಶವೇ ಕಾರಣವಿರಬೇಕೆಂದು ಊಹಿಸಿದನು. ಆ ಊಹೆ ನಿಲ್ಲಲಿಲ್ಲ. ನಿಜವಾದ ಕಾರಣ, ಮೂಸೆಯೊಳಗಿನ ತಂಗಡಿ ಕಡ್ಡಿ ಕೊಟ್ಟ ಇಂಗಾಲ. ಅಷ್ಟರೊಳಗೆ ಅಗ್ಗವಾದ ವಿದೇಶೀ ಉಕ್ಕು ನಮ್ಮ ಪೇಟೆಗಳನ್ನು ಹೊಕ್ಕಿತ್ತು. ಆ ಶತಮಾನ ಕಳೆಯುವುದರೊಳಗೆ ಮೂಸೆಯ ಉಕ್ಕು ಬಹುತೇಕ ನಿಂತುಹೋಯಿತು.

ಗಟ್ಟಿಯನ್ನು ಒಡೆದು ನೋಡಿದವರಿಗೆ ಸಿಕ್ಕದಿದ್ದುದು, ಬೆಂಕಿಯ ಬಣ್ಣವನ್ನು ಓದುವ ಕಣ್ಣು. ಆ ಓದನ್ನು ಬಲ್ಲ ಕಮ್ಮಾರರು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಕೆಂಪಿನ ಒಂದೊಂದು ಛಾಯೆಗೂ ಅವರು ಆಡುವ ಮಾತುಗಳನ್ನು, ಅವರ ಎದುರಿಗೆ ಕುಳಿತು ಯಾರಾದರೂ ಈಗಲೇ ಬರೆದುಕೊಳ್ಳಬೇಕು.