ಬೀದಿಗೂ ಮನೆಗೂ ನಡುವೆ ಒಂದು ತಂಗುದಾಣ: ರಕ್ಷಿಸಿದ ನಾಯಿಗಳ ತಾತ್ಕಾಲಿಕ ಪಾಲನೆ

ಬೆಂಗಳೂರು: ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿ, ತಾಯಿಯಿಂದ ಬೇರ್ಪಟ್ಟ ಮರಿ, ಮನೆ ಬದಲಿಸುವಾಗ ಮಾಲೀಕರು ಬಿಟ್ಟುಹೋದ ಲ್ಯಾಬ್ರಡಾರ್. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಇವು ಅಪರೂಪದ ದೃಶ್ಯಗಳಲ್ಲ. ಇಂತಹ ಪ್ರಾಣಿಯನ್ನು ಕಂಡು ಮರುಗಿ, ಆಟೋ ಹತ್ತಿಸಿ ಪಶುವೈದ್ಯರ ಬಳಿಗೆ ಒಯ್ಯುವ ದಯಾಳುಗಳೂ ಈ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಆದರೆ ಗಾಯಕ್ಕೆ ಪಟ್ಟಿ ಕಟ್ಟಿಸಿ ಹೊರಬಂದ ಮೇಲೆ ಎದುರಾಗುವ ಪ್ರಶ್ನೆಯೇ ಕಠಿಣವಾದುದು. ಇನ್ನು ಇದನ್ನು ಎಲ್ಲಿ ಇಡುವುದು?

ಈ ಪ್ರಶ್ನೆಗೆ ಪ್ರಾಣಿದಯಾ ಕಾರ್ಯಕರ್ತರು ಕಂಡುಕೊಂಡಿರುವ ಉತ್ತರವೇ ತಾತ್ಕಾಲಿಕ ಪಾಲನೆ, ರೂಢಿಯ ಮಾತಿನಲ್ಲಿ ‘ಫಾಸ್ಟರಿಂಗ್’. ಇದು ದತ್ತು ಸ್ವೀಕಾರವಲ್ಲ. ಶಾಶ್ವತ ಮನೆ ದೊರೆಯುವವರೆಗೆ, ಕೆಲವು ವಾರ ಅಥವಾ ಕೆಲವು ತಿಂಗಳ ಮಟ್ಟಿಗೆ, ನಾಯಿಯನ್ನು ತಮ್ಮ ಮನೆಯಲ್ಲಿಟ್ಟು ಸಲಹುವ ಸ್ವಯಂಪ್ರೇರಿತ ಸೇವೆ. ಪಾಲಕರು ಹಿಂದೆ ಸರಿದರೆ ನಾಯಿ ಮರಳಿ ಬೀದಿಪಾಲಾಗುವ ಸಾಧ್ಯತೆ ಇರುವುದರಿಂದ, ಮುಂದೆ ಬರುವವರು ಮೊದಲೇ ತಿಳಿದಿರಬೇಕಾದ ಸಂಗತಿಗಳು ಹಲವು.

ಆಶ್ರಯಧಾಮಗಳ ಇತಿಮಿತಿ

ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. 2019ರ ಸಮೀಕ್ಷೆಯಲ್ಲಿ ಇದು ಸುಮಾರು 3.10 ಲಕ್ಷವಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ನಾಯಿಗಳ ಪ್ರಮಾಣ ಇದೇ ಅವಧಿಯಲ್ಲಿ ಶೇ. 51ರಿಂದ ಶೇ. 72ರ ಸಮೀಪಕ್ಕೆ ಏರಿತು. ಸಂಖ್ಯೆ ಇಳಿದಿದ್ದರೂ, ಇಷ್ಟೊಂದು ನಾಯಿಗಳ ಪೈಕಿ ನೆರವು ಬೇಡುವವುಗಳಿಗೆಲ್ಲ ಸ್ಥಳ ಒದಗಿಸುವ ಶಕ್ತಿ ಯಾವ ಆಶ್ರಯಧಾಮಕ್ಕೂ ಇಲ್ಲ.

ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಸ್ಥಾಪಿಸಿದ ‘ಕ್ಯೂಪಾ’ (ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್) ನಗರದ ಹಿರಿಯ ಪ್ರಾಣಿದಯಾ ಸಂಸ್ಥೆಗಳಲ್ಲಿ ಒಂದು. ‘ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್’ ಮತ್ತೊಂದು ಪರಿಚಿತ ಹೆಸರು. ಆದರೆ ಇದು ಇರುವುದು ನಗರದ ಉತ್ತರ ಭಾಗದಲ್ಲಿ. ಸರ್ಕಾರಿ ಪಶುವೈದ್ಯಕೀಯ ಕಾಲೇಜು ಇರುವುದೂ ಹೆಬ್ಬಾಳದಲ್ಲಿ. ಬನಶಂಕರಿಯ ನಿವಾಸಿಗೆ ಇದು ಊರಿನ ಒಂದು ತುದಿಯಿಂದ ಮತ್ತೊಂದು ತುದಿಗೆ ಮಾಡುವ ಪ್ರಯಾಣ. ಹೋದರೂ ಜಾಗ ಸಿಕ್ಕೀತೆಂಬ ಭರವಸೆಯಿಲ್ಲ.

ಸ್ಥಳಾಭಾವವೊಂದೇ ಕಾರಣವಲ್ಲ. ಲಸಿಕೆ ಪೂರ್ಣಗೊಳ್ಳದ ಮರಿಗಳಿಗೆ ಹಲವು ನಾಯಿಗಳಿರುವ ಧಾಮ ಸೋಂಕಿನ ತಾಣವಾಗಬಹುದು. ಗೂಡಿನಲ್ಲಿ ಬೆದರಿ ಮುದುಡಿ ಕುಳಿತ ನಾಯಿಯ ನಿಜವಾದ ಸ್ವಭಾವವೂ ದತ್ತು ಕೇಳಿ ಬಂದವರಿಗೆ ತಿಳಿಯದು. ಅದು ಮಕ್ಕಳೊಡನೆ ಹೇಗಿರುತ್ತದೆ, ಕುಕ್ಕರಿನ ಸೀಟಿಗೆ ಬೆದರುತ್ತದೆಯೇ, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು ಎಂಬುದನ್ನು ಹೇಳಬಲ್ಲವರು ಅದರೊಡನೆ ಮನೆಯಲ್ಲಿ ಬಾಳಿದವರು ಮಾತ್ರ.

ಎಲ್ಲ ನಾಯಿಗೂ ಬೇಕಿಲ್ಲ

ಬೀದಿಯಲ್ಲಿ ಕಂಡ ಪ್ರತಿಯೊಂದು ನಾಯಿಯನ್ನೂ ಮನೆಗೆ ತರುವುದು ತಾತ್ಕಾಲಿಕ ಪಾಲನೆಯ ಉದ್ದೇಶವಲ್ಲ. 2001ರ ನಿಯಮಗಳ ಸ್ಥಾನದಲ್ಲಿ ಜಾರಿಗೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಬೀದಿನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆನ್ನುತ್ತವೆ. ತನ್ನ ಬೀದಿ, ತನ್ನ ಗುಂಪು, ಅನ್ನ ಹಾಕುವ ನಾಲ್ಕು ಮನೆಗಳಿರುವ ಆರೋಗ್ಯವಂತ ವಯಸ್ಕ ನಾಯಿಗೆ ನಾಲ್ಕು ಗೋಡೆಗಳ ನಡುವಣ ವಾಸ ಹಿಂಸೆಯೂ ಆಗಬಹುದು. ತಾಯಿಯಿಲ್ಲದ ಮರಿಗಳು, ಗಾಯಾಳುಗಳು, ಅಂಗವಿಕಲವಾದವು, ವೃದ್ಧ ನಾಯಿಗಳು ಮತ್ತು ಮಾಲೀಕರು ತೊರೆದ ಸಾಕುನಾಯಿಗಳಿಗೆ ಮನೆಯ ಅಗತ್ಯ ಹೆಚ್ಚು. ಮನೆಯ ಊಟಕ್ಕೆ ಒಗ್ಗಿದ ಜಾತಿನಾಯಿ ಬೀದಿಯಲ್ಲಿ ಬಹುಕಾಲ ಬಾಳದು. ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಅನೇಕರಿಗೆ ತಿಳಿದಿಲ್ಲ.

ಸುಪ್ರೀಂ ಕೋರ್ಟ್ 2025ರಲ್ಲಿ ನೀಡಿದ ಆದೇಶಗಳ ನಂತರ ಈ ವಿಷಯಕ್ಕೆ ಹೊಸ ಮಹತ್ವ ಬಂದಿದೆ. ಬೀದಿನಾಯಿಗಳನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಆದರೆ ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು ಆಗಸ್ಟ್ 22ರ ಆದೇಶ ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮೊದಲಾದ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಿ ಆಶ್ರಯಧಾಮಗಳಿಗೆ ಸಾಗಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದು ನವೆಂಬರ್ 7ರಂದು ಆದೇಶವಾಯಿತು. ಧಾಮಗಳ ಮೇಲೆ ಒತ್ತಡ ಹೆಚ್ಚಿದಷ್ಟೂ ಮನೆಗಳ ಅಗತ್ಯ ಹೆಚ್ಚುತ್ತದೆ.

ಬಾಡಿಗೆ ಮನೆಯ ತೊಡಕು

ಬಿಟಿಎಂ ಬಡಾವಣೆಯಂತಹ ಕಡೆ ನೆಲೆಸಿರುವ ಯುವ ಉದ್ಯೋಗಿಗಳಲ್ಲಿ ಬಹುಪಾಲು ಬಾಡಿಗೆದಾರರು. ನಿವಾಸಿಗಳ ಸಂಘಗಳು ಬಹುಮತದ ಹೆಸರಿನಲ್ಲಿಯೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಆದರೂ ಮನೆ ಮಾಲೀಕರ ಒಪ್ಪಿಗೆಯನ್ನು ಮೊದಲೇ, ಸಾಧ್ಯವಾದರೆ ಬರಹದಲ್ಲಿ, ಪಡೆಯುವುದು ವಿವೇಕ. ನಾಯಿ ಬಂದ ಮೂರನೇ ದಿನ ಮಾಲೀಕರು ತಕರಾರು ತೆಗೆದರೆ ಬವಣೆ ಪಡುವುದು ಆ ಮೂಕಪ್ರಾಣಿಯೇ. ಕೊಠಡಿ ಹಂಚಿಕೊಂಡಿರುವವರ ಸಮ್ಮತಿಯೂ ಅಷ್ಟೇ ಮುಖ್ಯ.

ಮೊದಲ ಎರಡು ವಾರ

ಹೊಸ ನಾಯಿಯನ್ನು ಮನೆಯ ಇತರ ಪ್ರಾಣಿಗಳಿಂದ ಕನಿಷ್ಠ ಎರಡು ವಾರ ಬೇರೆಯಾಗಿ ಇಡಬೇಕು. ಒಂದು ಕೋಣೆ, ಮುಚ್ಚಿದ ಬಾಲ್ಕನಿ ಅಥವಾ ಸ್ನಾನದ ಮನೆಯ ಮೂಲೆಯಾದರೂ ಸಾಕು. ಮರಿಗಳ ಪಾಲಿಗೆ ಮೃತ್ಯುವೆನಿಸಿರುವ ಪಾರ್ವೊ ರೋಗದ ವೈರಾಣು ನೆಲ, ಬಟ್ಟೆ, ತಟ್ಟೆಗಳ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲದು. ಸಾಬೂನಿಗೆ ಅದು ಬಗ್ಗದು, ಬ್ಲೀಚಿಂಗ್ ದ್ರಾವಣದಿಂದ ಒರೆಸಬೇಕು. ಪಾರ್ವೊ ತಗುಲಿದ ಮರಿ ಇದ್ದ ಮನೆಗೆ ಲಸಿಕೆಯಾಗದ ಮತ್ತೊಂದು ಮರಿಯನ್ನು ತರಲೇಬಾರದು. ವಾಂತಿ, ರಕ್ತಮಿಶ್ರಿತ ಭೇದಿ, ಊಟ ಬಿಡುವುದು ಕಂಡುಬಂದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕಾಣಬೇಕು.

ಮರಿಗಳಿಗೆ 6ರಿಂದ 8 ವಾರದ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ, 3–4 ವಾರಗಳ ಅಂತರದಲ್ಲಿ ಸುಮಾರು 16 ವಾರ ತುಂಬುವವರೆಗೆ ಮುಂದುವರಿಸಲಾಗುತ್ತದೆ. ಮೂರು ತಿಂಗಳಾದಾಗ ರೇಬಿಸ್ ಲಸಿಕೆ. ಜಂತುಹುಳುವಿನ ಔಷಧ ಮತ್ತು ಉಣ್ಣೆ ನಿವಾರಣೆಯನ್ನು ಕಡೆಗಣಿಸುವಂತಿಲ್ಲ. ಉಣ್ಣೆ ಕಡಿತದಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಹೀರಿದಂತೆ ಸೊರಗಿಸಬಲ್ಲದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಸಮಾನ. ಈರುಳ್ಳಿ ಹಾಕಿದ ಸಾರಿನ ಅನ್ನವನ್ನೂ ಕೊಡಬಾರದು.

ರೇಬಿಸ್ ಬಗೆಗೆ ಮಾತ್ರ ಲವಲೇಶವೂ ಅಸಡ್ಡೆ ಸಲ್ಲದು. ಪಾಲಕರು ಮುಂಚಿತವಾಗಿಯೇ ಲಸಿಕೆ ಪಡೆಯುವ ಕುರಿತು ವೈದ್ಯರ ಸಲಹೆ ಕೇಳುವುದು ಒಳಿತು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದಕ್ಷಿಣ ಬೆಂಗಳೂರಿನವರಿಗೆ ವಿ.ವಿ. ಪುರಂನ ಕಿಮ್ಸ್ ಆಸ್ಪತ್ರೆಯ ರೇಬಿಸ್ ನಿರೋಧಕ ಚಿಕಿತ್ಸಾಲಯ ಸಮೀಪದ್ದು.

ಖರ್ಚು, ಕರಾರು

ವೈದ್ಯಕೀಯ ವೆಚ್ಚ ಯಾರದು, ಆಹಾರ ಯಾರದು, ಪಾಲಕರು ಊರಿಗೆ ಹೊರಟರೆ ನಾಯಿ ಎಲ್ಲಿಗೆ, ದತ್ತು ಮನೆ ಹುಡುಕುವ ಹೊಣೆ ಯಾರ ಮೇಲೆ? ಈ ನಾಲ್ಕು ಪ್ರಶ್ನೆಗಳಿಗೆ ನಾಯಿ ಮನೆ ತಲುಪುವ ಮೊದಲೇ ಉತ್ತರ ದೊರೆತಿರಬೇಕು. ಸಂಸ್ಥೆಯ ಮೂಲಕ ಪಾಲನೆಗೆ ತೆಗೆದುಕೊಂಡರೆ ಹೊಣೆ ಹಂಚಿಹೋಗುತ್ತದೆ. ಒಬ್ಬಂಟಿಯಾಗಿ ಬೀದಿಯಿಂದ ಎತ್ತಿ ತಂದವರ ಮೇಲೆ ಪೂರ್ಣ ಭಾರ ಬೀಳುತ್ತದೆ. ಕೊನೆಯ ದಿನಾಂಕವನ್ನೂ ಗೊತ್ತುಪಡಿಸಿಕೊಳ್ಳುವುದು ಲೇಸು.

ದತ್ತು ಮನೆಯ ಶೋಧ

ಮರಿಗಳಿಗೆ ಬೇಗ ಮನೆ ಸಿಗುತ್ತದೆ. ಬೆಳೆದ ದೇಸಿ ನಾಯಿಗೆ ತಿಂಗಳುಗಳೇ ಹಿಡಿಯಬಹುದು. ಕಿರಣರಾಜ್ ಕೆ. ನಿರ್ದೇಶನದ, ರಕ್ಷಿತ್ ಶೆಟ್ಟಿ ಅಭಿನಯದ ‘777 ಚಾರ್ಲಿ’ (2022) ಚಿತ್ರ ಅಕ್ರಮ ತಳಿ ವ್ಯಾಪಾರದ ಕ್ರೌರ್ಯವನ್ನು ಮನೆಮಾತಾಗಿಸಿತು. ಆದರೂ ಹಣ ಕೊಟ್ಟು ಜಾತಿನಾಯಿ ಕೊಳ್ಳುವ ಮೋಹ ಅಳಿದಿಲ್ಲ. ಪಾಲಕರು ಈ ಹೊತ್ತಿನಲ್ಲಿ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸತ್ಯ ಹೇಳುವುದು. ನಾಯಿ ರಾತ್ರಿ ಬೊಗಳುತ್ತದೆ, ದೀಪಾವಳಿ ಪಟಾಕಿಗೆ ಮಂಚದಡಿ ಸೇರುತ್ತದೆ, ಬೈಕ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ ಎಂಬುದನ್ನು ಮುಚ್ಚಿಟ್ಟು ಕೊಟ್ಟ ನಾಯಿ ಬಹುಪಾಲು ಹಿಂತಿರುಗಿ ಬರುತ್ತದೆ. ಮನೆ ಭೇಟಿ, ಮನೆಮಂದಿಯೆಲ್ಲರ ಒಪ್ಪಿಗೆ, ಸಂತಾನಹರಣ ಮಾಡಿಸುವ ಬಗೆಗೆ ಲಿಖಿತ ಮುಚ್ಚಳಿಕೆ, ಕೆಲವು ತಿಂಗಳ ವಿಚಾರಣೆ ಇವು ಕಡ್ಡಾಯವಾಗಿರಬೇಕು.

ಬೀಳ್ಕೊಡುವ ಹೊತ್ತು

ಕೊನೆಗೆ ಬರುವುದು ಅಗಲಿಕೆ. ಬಾಟಲಿ ಹಾಲು ಕುಡಿಸಿ ಉಳಿಸಿದ ಮರಿ ಮತ್ತೊಬ್ಬರ ಕಾರು ಹತ್ತುವಾಗ ಕಣ್ಣು ತೇವಗೊಳ್ಳುವುದು ಸಹಜ. ತವರಿನಿಂದ ಮಗಳನ್ನು ಕಳುಹಿಸಿಕೊಟ್ಟಂತೆ ಎಂದು ಹೇಳುವವರಿದ್ದಾರೆ. ಆ ಗಳಿಗೆಯಲ್ಲಿ ಮನಸ್ಸು ಬದಲಿಸಿ ನಾಯಿಯನ್ನು ತಾವೇ ಇಟ್ಟುಕೊಳ್ಳುವವರೂ ಉಂಟು. ಅದು ತಪ್ಪಲ್ಲ, ಆ ನಾಯಿಯ ಪುಣ್ಯವೇ ಸರಿ. ಆದರೆ ಅಂತಹ ಮನೆಯಲ್ಲಿ ಮುಂದಿನ ನಾಯಿಗೆ ಸಾಮಾನ್ಯವಾಗಿ ಜಾಗ ಉಳಿಯುವುದಿಲ್ಲ. ಕಳುಹಿಸಿಕೊಡಬಲ್ಲ ಮನೆಯಾದರೋ ವರ್ಷಕ್ಕೆ ನಾಲ್ಕೈದು ಜೀವಗಳಿಗೆ ಬಾಗಿಲು ತೆರೆಯಬಲ್ಲದು.

ಹೊಸಬರು ಮೊದಲಿಗೆ ವಾರಾಂತ್ಯದ ಮಟ್ಟಿಗೆ, ಅಥವಾ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುವ ಹತ್ತು ದಿನಗಳ ಮಟ್ಟಿಗೆ ಒಂದು ನಾಯಿಯನ್ನು ನೋಡಿಕೊಂಡು ತಮ್ಮ ಶಕ್ತಿ ಅರಿತುಕೊಳ್ಳಬಹುದು. ಅಷ್ಟೂ ಆಗದವರು ಆಸ್ಪತ್ರೆಗೆ ಸಾಗಿಸಲು ವಾಹನ, ಹಳೆಯ ಬೆಡ್‌ಶೀಟು, ಔಷಧದ ಖರ್ಚು ಒದಗಿಸಿದರೂ ನೆರವೇ. ಆಗದು ಎಂದು ಮೊದಲೇ ಹೇಳಿದವರಿಂದ ನಾಯಿಗೆ ಕೇಡಿಲ್ಲ. ಆಗುವುದೆಂದು ಒಪ್ಪಿ ನಡುದಾರಿಯಲ್ಲಿ ಕೈಬಿಟ್ಟರೆ, ಒಮ್ಮೆ ತೊರೆಯಲ್ಪಟ್ಟ ಪ್ರಾಣಿ ಎರಡನೆಯ ಬಾರಿ ಅನಾಥವಾಗುತ್ತದೆ.