ಗುಳಿಗಿ ನುಂಗಿ ವರ್ಷ ಆದಮ್ಯಾಲೆ ಹೆಂಗಿದ್ದೀರಿ?

ಹೋದ ವಾರ ನಮ್ಮ ವೈನಿ ಫೋನ್ ಮಾಡಿ, "ನಿನ್ನ ಸೊಂಟಬ್ಯಾನಿಗೆ ಕೊಟ್ಟ ಗುಳಿಗಿ ಭಾಳ ಜೋರದಾವಂತ, ಹೆಸರು ಕಳಸು. ನನ್ನ ಮೊಣಕಾಲು ಏಳಲಿಕ್ಕೇ ಬಿಡವಲ್ತು" ಅಂದ್ರು. ನಾ ಕಳಸಲಿಲ್ಲ. ವೈನಿಗೆ ಸಿಟ್ಟು ಬಂತು. ನನಗ ಹತ್ತು ದಿನಕ್ಕಷ್ಟೇ ಕೊಟ್ಟಿದ್ದ ಆ ಗುಳಿಗಿ ಅಫೀಮಿನ ಜಾತೀದು. ಆ ಜಾತಿಯ ಔಷಧದ ಇತಿಹಾಸ ಓದಿದ್ಮ್ಯಾಲೆ ಹೆಸರು ಕಳಸಲಿಕ್ಕೆ ನನಗ ಮನಸ್ಸಾಗಲಿಲ್ಲ.

ಇದು ಅಮೆರಿಕಾದ ಕಥಿ. 1980ರ ಜನವರಿಯೊಳಗ ಅಲ್ಲಿಯ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಾಗ ಐದೇ ವಾಕ್ಯದ ಪತ್ರ ಬಂತು. ಬರೆದವರು ಜೇನ್ ಪೋರ್ಟರ್ ಮತ್ತ ಡಾ. ಹರ್ಷೆಲ್ ಜಿಕ್. ಇಂಥಾ ಔಷಧ ತಗೊಂಡ 11,882 ರೋಗಿಗಳೊಳಗ, ಮೊದಲು ಚಟ ಇರಲಾರದವರ ಪೈಕಿ, ಚಟ ಹತ್ತಿದ್ದು ನಾಕೇ ಮಂದಿಗೆ ಅಂತ ಅದರಾಗ ಇತ್ತು. ಆದ್ರ ಅವರೆಲ್ಲಾ ದವಾಖಾನಿಯೊಳಗ ಮಲಗಿದ್ದವರು. ಮನ್ಯಾಗ ವರ್ಷಗಟ್ಟಲೆ ಗುಳಿಗಿ ನುಂಗಿದವರ ಲೆಕ್ಕ ಅಲ್ಲ ಅದು. 2017ರಾಗ ಎಣಿಸಿ ನೋಡಿದ್ರ, ಆ ಪತ್ರದ ಆಧಾರ ಕೊಟ್ಟ 608 ಬರಹಗಳೊಳಗ ನೂರಕ್ಕ 80ರಷ್ಟು ಈ ಮಾತು ಹೇಳಿರಲೇ ಇಲ್ಲ!

1996ರಾಗ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಗುಳಿಗಿ ಮಾರಲಿಕ್ಕೆ ಸುರು ಮಾಡ್ತು. ಸೊಂಟ, ಸಂದು ಅಂತ ಬಂದವರಿಗೂ ಬರದು ಕೊಟ್ರು. ಎಷ್ಟೋ ಮಂದಿಗೆ ಚಟ ಹತ್ತಿತು, ಸಾವಿರಾರು ಮಂದಿ ಸತ್ರು. ಚಟದ ಅಪಾಯ ಕಡಿಮಿ ಅಂತ ತಪ್ಪು ಹೇಳಿ ಮಾರಿದ್ದನ್ನ 2007ರಾಗ ಕಂಪನಿಯವರು ಕೋರ್ಟಿನ್ಯಾಗ ಒಪ್ಪಿಕೊಂಡ್ರು.

ಹೋಗ್ಲಿ, ನೋವಾದ್ರೂ ಹೋತೇನು? ಡಾ. ಎರಿನ್ ಕ್ರೆಬ್ಸ್ ಅನ್ನೋ ಹೆಣ್ಣುಮಗಳು ಮಿನಿಯಾಪೊಲಿಸ್‌ನಾಗ ಮಾಜಿ ಸೈನಿಕರ ದವಾಖಾನಿಗೆ ಬರೋ 240 ಮಂದಿಯನ್ನ ಒಂದು ವರ್ಷ ನೋಡಿದ್ರು. ಎಲ್ಲಾರದೂ ಹಳೇ ಸೊಂಟಬ್ಯಾನಿ, ಇಲ್ಲಾ ಮೊಣಕಾಲು, ಚಪ್ಪೆಸಂದಿನ ಸವೆತ. ಅರ್ಧ ಮಂದಿಗೆ ಅಫೀಮಿನ ಜಾತೀದು, ಅರ್ಧ ಮಂದಿಗೆ ಪ್ಯಾರಾಸಿಟಮಾಲ್‌ನಂಥಾವು. 12 ತಿಂಗಳಾದ ಮ್ಯಾಲೆ ನಡಿಯೂದು, ಕೆಲಸ ಮಾಡೂದು ಎರಡೂ ಕಡೆ ಸುಮಾರು ಅಷ್ಟಕ್ಕಷ್ಟೇ. ನೋವು ಮಾತ್ರ ಎರಡನೇಯವರಿಗೇ ತುಸು ಕಡಿಮಿ! ಇದು ಪ್ರಕಟ ಆಗಿದ್ದು 2018ರಾಗ. ಅಂದ್ರ ಆ ಗುಳಿಗಿ ಪ್ಯಾಟಿಗೆ ಬಂದು 22 ವರ್ಷ ಆಗಿತ್ತು.

ಕ್ಯಾನ್ಸರ್ ಬ್ಯಾನಿಗೆ, ದೊಡ್ಡ ಆಪರೇಶನ್ ಆದವರಿಗೆ ಈ ಔಷಧ ಬೇಕಾಗ್ತದ, ಅದಕ್ಕ ಯಾರೂ ಹೆದರಬ್ಯಾಡ್ರಿ. ಆದ್ರ ಒಬ್ಬರ ಗುಳಿಗಿ ಇನ್ನೊಬ್ಬರು ಕೇಳಿ ನುಂಗೂದು ಬ್ಯಾಡ. ಡಾಕ್ಟರಿಗೆ ಇಷ್ಟು ಕೇಳ್ರಿ: "ಇದನ್ನ ಎಷ್ಟು ದಿನ ತಗೋಬೇಕು? ವರ್ಷ ಆದಮ್ಯಾಲೆ ನಾ ಹೆಂಗ ಇರ್ತೇನಿ?"

ಸೋಮವಾರ ವೈನಿ ಜೋಡಿ ದವಾಖಾನಿಗೆ ನಾನೂ ಹೊಂಟೇನಿ. ಸಿಟ್ಟು ಇನ್ನೂ ಪೂರಾ ಇಳದಿಲ್ಲ, ಆದ್ರ ಬರ್ತೇನಿ ಅಂದಾರ.